ಇಬ್ಬರು ಕೂಡಿ ನೋಡಿದ ಹಾಲು

ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಸ್ಸಿನಲ್ಲಿ ಪಕ್ಕದವರು ನನ್ನ ಗಂಡನನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ‘ಬಟ್ಟೆ ಅಂಗಡಿ’ ಎನ್ನುತ್ತಾರೆ. ಅಲ್ಲಿಗೆ ಆಯಿತು, ಮಾತು ಸೀರೆಗಳ ಕಡೆಗೆ ಹೊರಳುತ್ತದೆ. ಉದಗೀರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತೇನೆ ಎನ್ನುವ ತನಕ ನನಗೂ ತೊಂದರೆಯಿಲ್ಲ. ಅಲ್ಲಿಗೇ ಬಾಯಿ ಮುಚ್ಚದೆ ಸಂಶೋಧನೆಯನ್ನೂ ಮಾಡುತ್ತೇನೆ ಎಂದುಬಿಟ್ಟರೆ ಕೆಟ್ಟೆ. ಯಾವುದರ ಮೇಲೆ ಎಂಬ ಪ್ರಶ್ನೆ ಬರುತ್ತದೆ. ನೀರಿನಲ್ಲಿ ಗಾಳಿಯ ಗುಳ್ಳೆ, ಹಬೆಯ ಗುಳ್ಳೆ ಸೇರಿಕೊಂಡು ಅಡ್ಡಾದಿಡ್ಡಿ ಹರಿಯುತ್ತವಲ್ಲ, ಆ ಹರಿವಿನ ಮೇಲೆ ಎನ್ನುತ್ತೇನೆ. ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, ಆಮೇಲೆ ಕಿಟಕಿಯಾಚೆಯ ತೊಗರಿ ಹೊಲ ನೋಡತೊಡಗುತ್ತಾರೆ. ಈ ವಿದ್ಯೆಗೆ ಸ್ವಲ್ಪವಾದರೂ ಬೆಲೆ ಇರುವುದು ಯೆಣೆಗೂರಿನ ನನ್ನ ತವರಿನಲ್ಲಿ. ಅಲ್ಲಿ ಬೋರಿನ ಮೋಟರು ಗಾಳಿ ಹಿಡಿದಾಗಲೆಲ್ಲ ಅಣ್ಣ ಫೋನ್ ಮಾಡಿ, ಇದು ನಿನ್ನದೇ ವಿಷಯ ನೋಡು ಎನ್ನುತ್ತಾನೆ. ನಾನು ಮೊದಲನೆಯ ಸಮೀಕರಣಕ್ಕೆ ಬರುವಷ್ಟರಲ್ಲಿ ಅವನು ಮೆಕ್ಯಾನಿಕ್‌ನನ್ನು ಕರೆಸಿರುತ್ತಾನೆ.

ಈ ವಿದ್ಯೆ ನನಗೆ ಅಂಟಿಸಿದ ಇನ್ನೊಂದು ರೋಗವೆಂದರೆ ಯಾವುದನ್ನೂ ಖಂಡಿತವಾಗಿ ಹೇಳಲಾರದಿರುವುದು. ಇಂಥ ಅಡ್ಡಾದಿಡ್ಡಿ, ಪ್ರಕ್ಷುಬ್ಧ ಹರಿವನ್ನು ಅಭ್ಯಾಸ ಮಾಡುವವರು ‘ಬಹುಶಃ’, ‘ಸುಮಾರಾಗಿ’, ‘ನಮ್ಮ ಅಳತೆಯ ಮಿತಿಯಲ್ಲಿ’ ಎಂಬ ಮಾತುಗಳಿಲ್ಲದೆ ಒಂದು ಸಾಲನ್ನೂ ಬರೆಯುವುದಿಲ್ಲ. ಬರೆದರೆ ಎಲ್ಲೋ ದೂರದೇಶದಲ್ಲಿ ಕುಳಿತ, ಹೆಸರು ಕೂಡ ಗೊತ್ತಿರದ ವಿಮರ್ಶಕನೊಬ್ಬ ಅದನ್ನೇ ಹಿಡಿದು ಜಗ್ಗುತ್ತಾನೆ. ಪ್ರಯೋಗಾಲಯದಲ್ಲಿ ಇದು ಸದ್ಗುಣ, ಮನೆಯಲ್ಲಿ ಅಲ್ಲ. ಪಲ್ಯಕ್ಕೆ ಉಪ್ಪು ಹಾಕಿದೆಯಾ ಎಂದು ಅತ್ತೆ ಕೇಳಿದರೆ ನನ್ನ ಬಾಯಿಂದ ಬರುವುದು ‘ಹಾಕಿರಬೇಕು’ ಎಂದೇ. ಅವರೀಗ ನನ್ನನ್ನು ಕೇಳುವುದು ಬಿಟ್ಟು ತಾವೇ ರುಚಿ ನೋಡುತ್ತಾರೆ. ಪ್ರಯೋಗದ ದೃಷ್ಟಿಯಿಂದ ಅದೇ ಸರಿಯಾದ ಕ್ರಮ ಎಂದು ನಾನು ಒಮ್ಮೆ ಹೇಳಲು ಹೋಗಿ ಬೈಸಿಕೊಂಡಿದ್ದೇನೆ.

ಇಂಥ ನನ್ನನ್ನು ಒಂದು ಹೆಣ್ಣು ನೋಡುವ ಕಾರ್ಯಕ್ಕೆ ಸಾಕ್ಷಿ ಹೇಳಲು ಕರೆದರು. ಶಿವಲೀಲಾ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಕುದಿಯುವ ದ್ರವದಲ್ಲಿ ಗುಳ್ಳೆ ಎಲ್ಲಿ ಹುಟ್ಟುತ್ತದೆ, ಹುಟ್ಟಿದ ಮೇಲೆ ಏನೇನು ಉಪದ್ವ್ಯಾಪ ಮಾಡುತ್ತದೆ ಎಂಬುದು ಅವಳ ವಿಷಯ. ಅವಳ ತಂದೆ ವಿರೂಪಾಕ್ಷಪ್ಪನವರದು ಕಾಸಾರಶಿರಸಿಯ ಪೇಟೆಯಲ್ಲಿ ಕಿರಾಣಿ ಅಂಗಡಿ. ಉದಗೀರದ ದಾಲ್ ಮಿಲ್ಲಿನವರ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ರಾಜಶೇಖರ ಅವಳ ಮನಸ್ಸಿಗೆ ಬಂದಿದ್ದ. ಓದು ಬಿಡಬೇಡ ಎಂದು ಫೋನಿನಲ್ಲಿ ಹೇಳಿಯೂ ಇದ್ದ. ಆದರೆ ಆ ಮನೆಯಲ್ಲಿ ನಡೆಯುವುದು ಅವನ ತಾಯಿ ಮಹಾದೇವಿಬಾಯಿಯವರ ಮಾತು. ಮದುವೆಯಾದ ಸೊಸೆ ದಿನಾ ಕಾಲೇಜಿಗೆ ಹೋಗಿ ನೀರು ಕುದಿಸುವುದು ಏತಕ್ಕೆಂದು ಅವರಿಗೆ ತಿಳಿದಿರಲಿಲ್ಲ. ಅವರು ಒಪ್ಪದಿದ್ದರೆ ಶಿವಲೀಲಾ ಹುಡುಗನನ್ನು ಬಿಡಬೇಕು, ಇಲ್ಲವೇ ಗುಳ್ಳೆಯನ್ನು ಬಿಡಬೇಕು. ಅವಳಿಗೆ ಎರಡೂ ಬೇಕಿತ್ತು. ಅವರು ನೋಡಲು ಬರುವ ದಿನ ನೀವೇ ಬಂದು ತಿಳಿಸಿ ಹೇಳಿ ಎಂದು ವಿರೂಪಾಕ್ಷಪ್ಪ ಕೇಳಿಕೊಂಡರು. ನಾನು ಹೇಳಬೇಕಾದದ್ದು ಬಹಳವೇನೂ ಇರಲಿಲ್ಲ. ಇದು ಒಳ್ಳೆಯ ಕೆಲಸ, ಬೇಗ ಮುಗಿಯುತ್ತದೆ, ಅಷ್ಟೇ.

ನಿಲಂಗಾದಲ್ಲಿ ಬಸ್ಸು ಬದಲಿಸಿ ಕಾಸಾರಶಿರಸಿ ತಲುಪುವ ತನಕ ನಾನು ಆ ಎರಡು ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದುತ್ತ ಕುಳಿತೆ. ನಿಲಂಗಾಕ್ಕೆ ಬರುವಷ್ಟರಲ್ಲಿ ‘ಬೇಗ’ ಎಂಬ ಪದ ಬಿದ್ದುಹೋಗಿತ್ತು. ಬೇಗ ಎಂದರೆ ಯಾವುದಕ್ಕೆ ಹೋಲಿಸಿದರೆ ಬೇಗ? ಊರು ಕಾಣುವ ಹೊತ್ತಿಗೆ ‘ಒಳ್ಳೆಯ’ ಎಂಬುದರ ಬಗ್ಗೆಯೂ ಸಂದೇಹ ಶುರುವಾಗಿತ್ತು.

ಮಹಾದೇವಿಬಾಯಿ ಹಣೆಗೆ ವಿಭೂತಿ ಹಚ್ಚಿ, ಇಳಕಲ್ ಸೀರೆ ಉಟ್ಟು ಗಂಭೀರವಾಗಿ ಕುಳಿತಿದ್ದರು. ಪಕ್ಕದಲ್ಲಿ ಮಗ ಇನ್ನೂ ಗಂಭೀರವಾಗಿದ್ದ. ಕುಶಲದ ಮಾತೆಲ್ಲ ಆದ ಮೇಲೆ ಅವರು, ಹುಡುಗಿ ಏನು ಅಭ್ಯಾಸ ಮಾಡುತ್ತಿದ್ದಾಳೆ ಎಂದು ನನ್ನನ್ನೇ ಕೇಳಿದರು. ವಿದ್ಯುತ್ ತಯಾರಿಸುವ ದೊಡ್ಡ ಬಾಯ್ಲರುಗಳಿಂದ ಹಿಡಿದು ಮನೆಯ ಕುಕ್ಕರಿನ ತನಕ ಕುದಿತ ಎಲ್ಲೆಲ್ಲಿದೆ ಎಂದು ಹೇಳಿದೆ. ಅವರು ತಲೆಯಾಡಿಸಿದರು. ಚೆನ್ನಾಗಿ ನಡೆದಿತ್ತು. ಆಮೇಲೆ ಅವರು, ಇದೆಲ್ಲ ಎಂದಿಗೆ ಮುಗಿಯುತ್ತದೆ ಎಂದು ಕೇಳಿದರು. ವಿಷಯ ಎಷ್ಟು ಘನವಾದದ್ದು ಎಂದು ತೋರಿಸಿಕೊಡಲು ನನಗೆ ಅದೇ ತಕ್ಕ ಸಮಯ ಅನ್ನಿಸಿತು.

“ಹರಿವಿನ ಈ ಸಮಸ್ಯಾ ಅದಲ್ರೀ, ಜಗತ್ತಿನ್ಯಾಗ ದೊಡ್ಡ ದೊಡ್ಡವರು ನೂರು ವರ್ಷದ ಮ್ಯಾಲ ಹಿಡದು ಕುಂತಾರ,” ಎಂದೆ. “ಇನ್ನಾ ಯಾರಿಗೂ ಬಿಡಿಸ್ಲಿಕ್ಕೆ ಆಗಿಲ್ಲ.”

ವಿರೂಪಾಕ್ಷಪ್ಪ ತಮ್ಮ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ರಾಜಶೇಖರ ಗೋಡೆಯ ಕ್ಯಾಲೆಂಡರನ್ನು ನೋಡಿದ. ನೂರು ವರ್ಷ ಬೇಕಾದದ್ದು ಇಡೀ ಶಾಸ್ತ್ರಕ್ಕೆ, ಶಿವಲೀಲಾಳ ಪಾಲಿನದು ಅದರ ಒಂದು ಮೂಲೆ ಮಾತ್ರ ಎಂದು ನಾನು ಕೂಡಲೇ ಸೇರಿಸಬೇಕಿತ್ತು. ಅಷ್ಟರಲ್ಲಿ ಅವಳ ತಾಯಿ ಬಂದು, ಮ್ಯಾಡಮ್ ಒಳಗೆ ಬಂದು ಕೂಡಲಿ ಎಂದು ಬಹಳ ಮರ್ಯಾದೆಯಿಂದ ನನ್ನನ್ನು ಅಲ್ಲಿಂದ ಎಬ್ಬಿಸಿದರು. ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ಪೋಹೆ, ಅಂದರೆ ಒಗ್ಗರಣೆ ಹಾಕಿದ ಅವಲಕ್ಕಿ, ಮತ್ತು ಚಹಾ ಕೊಡದೆ ಮುಂದಿನ ಮಾತಿಲ್ಲ. ಅವರು ಪೋಹೆಯ ತಾಟುಗಳನ್ನು ಎತ್ತಿಕೊಂಡು, ಚಹಾಕ್ಕೆಂದು ಒಲೆಯ ಮೇಲಿಟ್ಟ ಹಾಲನ್ನು ನೋಡುತ್ತಿರಿ ಎಂದು ನನಗೂ ಅಡುಗೆಮನೆಯಲ್ಲಿದ್ದ ಶಿವಲೀಲಾಳಿಗೂ ಹೇಳಿ ಹೊರಗೆ ಹೋದರು.

ಶಿವಲೀಲಾ ಸಿಟ್ಟಿನಲ್ಲಿದ್ದಳು. “ನೂರು ವರ್ಷದ್ದು ಯಾಕ ತೆಗದ್ರಿ ಮ್ಯಾಡಮ್,” ಎಂದು ಮೆಲ್ಲಗೆ ಕೇಳಿದಳು. ಕಣ್ಣಲ್ಲಿ ನೀರು ಬಂದಿತ್ತು. ನನಗೆ ನಿಜಕ್ಕೂ ದುಃಖವಾಯಿತು. ಒಲೆಯ ಕಡೆ ನೋಡಿದೆ. ಹಾಲಿಟ್ಟ ಪಾತೇಲಿಯ ಒಂದೇ ಮಗ್ಗುಲಲ್ಲಿ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತಿದ್ದವು. ಉರಿ ಓರೆಯಾಗಿದೆ ಎಂದೆ. ಅವಳು ಮೂಗೊರೆಸಿಕೊಂಡು ಬಗ್ಗಿ ನೋಡಿ, ಉರಿಯಲ್ಲ, ಪಾತೇಲಿ ಅಲ್ಲಿ ಜಜ್ಜಿದೆ, ಆ ತಗ್ಗಿನಿಂದಲೇ ಏಳುತ್ತಿವೆ ಎಂದಳು. ನಾನೂ ಬಗ್ಗಿದೆ. ಕೆನೆ ಒಂದು ಕಡೆ ಉಬ್ಬಿತು. ಕೆಳಗಿನ ಹಬೆ ದಾರಿ ಸಿಗದೆ ಕೆನೆಯನ್ನೇ ಎತ್ತುತ್ತದೆ, ಈಗ ಅಂಚಿನಲ್ಲಿ ಕೆನೆ ಹರಿದು ಬಾಯಿ ಬಿಡುತ್ತದೆ ನೋಡು ಎಂದು ನಾನು. ಇಲ್ಲ, ಮೊದಲು ನಡುವೆ ಹರಿಯುತ್ತದೆ ಎಂದು ಅವಳು. ನೊರೆ ಮೇಲೆ ಬಂತು. ಅಂಚಿಗೆ ಬಂತು. ನಾನು ಹೇಳಿದ ಜಾಗದಲ್ಲೇ ಕೆನೆ ಹರಿಯಿತು. ಇಷ್ಟು ವರ್ಷಗಳ ಸಂಶೋಧನೆಯಲ್ಲಿ ನನ್ನ ಭವಿಷ್ಯವಾಣಿ ಇಷ್ಟು ಸ್ಪಷ್ಟವಾಗಿ ಎಂದೂ ಫಲಿಸಿರಲಿಲ್ಲ. ಆ ಸಂತೋಷದಲ್ಲಿ ನಾನಿರುವಾಗ ಹಾಲು ಒಲೆಯ ಮೇಲೆಲ್ಲ ಹರಿದು, ಉರಿ ಆರಿ, ಸುಟ್ಟ ವಾಸನೆ ಮನೆ ತುಂಬಿತು.

ತಾಯಿ ಓಡಿ ಬಂದರು. ಅವರ ಹಿಂದೆ ಮಹಾದೇವಿಬಾಯಿ ಬಂದು ಬಾಗಿಲಲ್ಲಿ ನಿಂತರು. ಒಲೆಯನ್ನೂ ನಮ್ಮನ್ನೂ ನೋಡಿದರು.

“ಇಬ್ಬರು ಇದ್ರಿ,” ಎಂದರು. “ಒಬ್ಬರಿಗೂ ಕಾಣಲಿಲ್ಲೇನು?”

“ಕಂಡದ್ರೀ,” ಎಂದಳು ಶಿವಲೀಲಾ. “ಅದನ್ನೇ ನೋಡ್ಲಿಕ್ಕತ್ತಿದ್ವಿ.”

ತಾಯಿ ಹಣೆಗೆ ಕೈ ಹಚ್ಚಿಕೊಂಡರು. ನನಗೂ ಎಲ್ಲ ಮುಗಿಯಿತು ಅನ್ನಿಸಿತು. ಮಹಾದೇವಿಬಾಯಿ ಮಾತ್ರ, ಅದರಲ್ಲಿ ನೋಡುವುದು ಏನಿದೆ ಎಂದು ಕೇಳಿದರು. ಅವರು ಕೇಳಿದ್ದು ಸಿಟ್ಟಿನಿಂದಲೋ, ತಿಳಿಯುವ ಮನಸ್ಸಿನಿಂದಲೋ ಗೊತ್ತಾಗಲಿಲ್ಲ. ಶಿವಲೀಲಾ ಅದನ್ನು ತಿಳಿಯುವ ಮನಸ್ಸು ಎಂದೇ ಹಿಡಿದಳು. ಒಲೆ ಒರೆಸಿ, ಉಳಿದ ಹಾಲಿಗೆ ಇನ್ನೊಂದಿಷ್ಟು ಸುರಿದು ಮತ್ತೆ ಇಟ್ಟಳು. ಇಲ್ಲಿ ತಗ್ಗಿದೆ ನೋಡಿ, ಇಲ್ಲಿಂದ ಏಳುತ್ತವೆ. ಬರೀ ನೀರಾಗಿದ್ದರೆ ಗುಳ್ಳೆ ಒಡೆದು ಹೋಗುತ್ತಿತ್ತು, ಹಾಲಿನಲ್ಲಿ ಕೆನೆ ಅದನ್ನು ಬಿಡುವುದಿಲ್ಲ ಎಂದು ಬೆರಳು ತೋರಿಸಿ ಹೇಳುತ್ತ ಹೋದಳು. ನಾನು ಒಮ್ಮೆಯೂ ಬಾಯಿ ಹಾಕಲಿಲ್ಲ. ಮಹಾದೇವಿಬಾಯಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದರು. ತಾಯಿಯೂ ಬಗ್ಗಿದರು. ಆ ಮನೆಗೆ ದಿನಾ ಬರುವ ಹಾಲು ಹಿಂದೆಂದೂ ಇಷ್ಟು ಜನರ ಎದುರಿಗೆ ಕುದಿದಿರಲಿಕ್ಕಿಲ್ಲ. ಕೆನೆ ಉಬ್ಬಿತು, ನೊರೆ ಎದ್ದಿತು. ಮಹಾದೇವಿಬಾಯಿ ‘ಹೌದಲ್ಲ’ ಎಂದರು. ನೊರೆ ಅಂಚಿಗೆ ಬಂದರೂ ನಾಲ್ವರಲ್ಲಿ ಒಬ್ಬರೂ ಅಲುಗಲಿಲ್ಲ. ನಮ್ಮ ತಲೆಗಳ ನಡುವಿನಿಂದ ಒಂದು ಕೈ ಬಂದು ಗ್ಯಾಸು ಬಂದ್ ಮಾಡಿತು. ರಾಜಶೇಖರ ಯಾವಾಗಲೋ ಬಂದು ಹಿಂದೆ ನಿಂತಿದ್ದ.

ಚಹಾ ಕುಡಿಯುತ್ತ ಮಹಾದೇವಿಬಾಯಿ ಮತ್ತೆ ಅದೇ ಪ್ರಶ್ನೆಗೆ ಬಂದರು. ಇದು ಎಂದಿಗೆ ಮುಗಿಯುತ್ತದೆ? ಈ ಸಲ ನಾನು ತಪ್ಪು ಮಾಡಲಿಲ್ಲ. ‘ಬಹುಶಃ’, ‘ಸುಮಾರು’ ಎಲ್ಲವನ್ನೂ ನುಂಗಿಕೊಂಡು, ಬರುವ ದೀಪಾವಳಿಯೊಳಗೆ ಮುಗಿದೇಹೋಗುತ್ತದೆ ಎಂದು ಗಟ್ಟಿಯಾಗಿ ಹೇಳಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು. ಪೋಹೆಗಿಂತ ಮೊದಲು ನೂರು ವರ್ಷ ಅಂದಿದ್ದಿರಿ, ಪೋಹೆಯ ನಂತರ ದೀಪಾವಳಿ ಎನ್ನುತ್ತೀರಿ ಎಂದು, ಶಿವಲೀಲಾಳ ಕಡೆ ತಿರುಗಿ, ನೀನೇ ಹೇಳು ಎಂದರು.

“ದೀವಳಿಗಿ ಒಳಗ ಆಗಂಗಿಲ್ರೀ,” ಎಂದಳು ಅವಳು. “ಒಂದು ವರ್ಷನೂ ಹಿಡೀಬಹುದು, ಎರಡೂ ಹಿಡೀಬಹುದು. ಆದ್ರ ಅರ್ಧಕ್ಕ ಬಿಡಂಗಿಲ್ಲ. ಲಗ್ನ ಆದ್ರೂ ಬಿಡಂಗಿಲ್ಲ. ಇವರಿಗೂ ಅದನ್ನೇ ಹೇಳೀನಿ,” ಎಂದು ರಾಜಶೇಖರನ ಕಡೆ ನೋಡಿದಳು.

ವಿರೂಪಾಕ್ಷಪ್ಪನವರ ಟೊಪ್ಪಿಗೆ ಮತ್ತೆ ತೊಡೆಗೆ ಬಂತು. ಮಹಾದೇವಿಬಾಯಿ ಕಪ್ಪು ಕೆಳಗಿಟ್ಟರು.

“ಖರೆ ಹೇಳ್ತದ ಹುಡುಗಿ,” ಎಂದರು. “ನಡೀಲಿ. ಹಾಲಿನ ಕಾಳಜಿ ಇಲ್ಲ, ಅದನ್ನ ಇಂವಾ ನೋಡ್ಕೋತಾನ.”

ರಾಜಶೇಖರ ಒಪ್ಪಿದವನಂತೆ ತಲೆ ತಗ್ಗಿಸಿದ. ಶಿವಲೀಲಾ ನಕ್ಕಳು, ಎಲ್ಲರ ಬಾಯಿ ಸಿಹಿ ಮಾಡಿಸಲು ಸಕ್ಕರೆ ತರಲೆಂದು ತಾಯಿ ಒಳಗೆ ಹೋದರು. ನನಗೆ ಎದೆ ತುಂಬಿ ಬಂತು. ಗೊತ್ತಿದ್ದಷ್ಟನ್ನೇ ಹೇಳು, ಅದರ ಮೇಲೆ ಒಂದು ಅಕ್ಷರವೂ ಬೇಡ ಎಂದು ಆ ಹುಡುಗಿಗೆ ಕಲಿಸಿದವಳು ನಾನೇ ಅಲ್ಲವೇ? ನಾನು ಮೊದಲ ಸಲ ಅದನ್ನು ಮುರಿದ ದಿನವೇ ಅವಳು ಅದನ್ನು ಉಳಿಸಿಕೊಂಡಿದ್ದಳು. ಗುರುವಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು ಎಂದುಕೊಳ್ಳುತ್ತ, ಮಹಾದೇವಿಬಾಯಿಯವರು ನನ್ನ ಬಗ್ಗೆಯೂ ಒಂದು ಒಳ್ಳೆಯ ಮಾತು ಆಡಬಹುದೆಂದು ಸ್ವಲ್ಪ ನೆಟ್ಟಗೆ ಕುಳಿತೆ. ಅವರು ನಿಜವಾಗಿಯೂ ನನ್ನ ಕಡೆ ನೋಡಿದರು. ಆಮೇಲೆ ಶಿವಲೀಲಾಳನ್ನು ಹತ್ತಿರ ಕರೆದು, ನನಗೂ ಕೇಳುವ ಹಾಗೆಯೇ ಕೇಳಿದರು:

“ಅಲ್ಲವ್ವ, ಇವರ ಕೈಯಾಗ ನಿಂದು ಮುಗೀತದೇನು?”

ಶಿವಲೀಲಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಪ್ರೀತಿಯಿತ್ತು, ಅದರಲ್ಲಿ ನನಗೆ ಸಂದೇಹವಿಲ್ಲ. ಆತುರದಿಂದ ಉತ್ತರ ಹೇಳಬಾರದು ಎಂದು ನಾನು ಕಲಿಸಿದ್ದರಿಂದ ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

“ಮುಗೀಬಹುದ್ರೀ,” ಎಂದಳು.