ಯಜಮಾನರ ಗಾಡಿಯ ಸದ್ದು

ಹುಣಸೂರಿನಲ್ಲಿ ಹಳೇ ಬೈಕುಗಳ ರಿಪೇರಿ ಅಂಗಡಿ ಇಟ್ಟುಕೊಂಡವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೊಸ ಗಾಡಿ ಕೆಟ್ಟರೆ ಗಾಡಿ ಒಂದೇ ಬರುತ್ತದೆ. ಹಳೇ ಗಾಡಿ ಕೆಟ್ಟರೆ ಅದರ ಹಿಂದೆ ಮನೆಯವರು, ನೆಂಟರು, ಕೊನೆಗೆ ದೇವರೂ ಬರುತ್ತಾನೆ. ಬೇರೆಯವರದು ಹಾಗಿರಲಿ, ಗುರುಪುರದ ಕಡೆಯ ಹೊಗೆಸೊಪ್ಪು ಬೆಳೆಯುವ ಯಜಮಾನರೊಬ್ಬರ ಎರಡು ಸೈಲೆನ್ಸರಿನ ಗಾಡಿ ಒಂದೇ ಸಾಕು.

೧. ಹಿಟ್ಟಿನ ಮಿಷನ್ನು

ಯಜಮಾನರು ಮದುವೆಯಾದ ಹೊಸದರಲ್ಲಿ ಕೊಂಡ ಗಾಡಿ ಅದು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಅವರ ತವರಿಗೆ ಎಷ್ಟು ಸಲ ಹೋಗಿಬಂದಿದ್ದರೋ. ವಯಸ್ಸಾದ ಮೇಲೆ ಗೇರ್‌ಬಾಕ್ಸು ‘ಗುಂಯ್’ ಅನ್ನಲು ಶುರುಮಾಡಿತು. ಹೋದ ದಸರಾದಲ್ಲಿ ತವರಿನ ಬೀದಿಗೆ ಗಾಡಿ ತಿರುಗಿದಾಗ, ಹಿಟ್ಟಿನ ಮಿಷನ್ನು ಶುರುವಾಯಿತು ಅಂದುಕೊಂಡು ಒಬ್ಬ ಹೆಂಗಸು ರಾಗಿ ಡಬ್ಬ ಎತ್ತಿಕೊಂಡು ಆಚೆ ಬಂದರಂತೆ. ಯಜಮಾನಿ ಅಲ್ಲೇ ಇಳಿದರು.

“ಈ ಸದ್ದು ನಿಲ್ಲೋಗಂಟ ನಾನು ಇದ ಹತ್ತಾಕಿಲ್ಲ” ಅಂದವರು ಊರಿಗೆ ಬಸ್ಸಿನಲ್ಲಿ ವಾಪಸ್ ಬಂದರು.

ಯಜಮಾನರು ನನ್ನ ಅಂಗಡಿಗೆ ಬಂದು ಇದನ್ನೆಲ್ಲ ಹೇಳಿ, “ಯುಗಾದಿ ಕಳುದ್ ಮ್ಯಾಲೆ ಅವಳ ತಂಗಿ ಮಗಳ ಮದ್ವೆ ಅದೆ ಮೇಸ್ತ್ರಿ. ಅವಳು ಬಸ್ಸಲ್ಲಿ, ನಾನು ಗಾಡೀಲಿ ಹೋದ್ರೆ ಜನ ಏನಂದ್ಕಂಡಾರು?” ಎಂದರು.

“ನೀವೂ ಬಸ್ಸಲ್ಲೇ ಹೋಗಿ” ಅಂದೆ.

ಅವರು ಗಾಡಿಯ ಸೀಟು ಸವರಿ, ದನಿ ಇಳಿಸಿ ಕೇಳಿದರು: “ಆಗ ಇದು ಏನಂದ್ಕತ್ತದೆ?”

೨. ಸ್ಕ್ರೂಡ್ರೈವರ್ ಡಾಕ್ಟರಿಕೆ

ಗೇರ್‌ಬಾಕ್ಸಿನ ಕಾಯಿಲೆ ಕಂಡುಹಿಡಿಯುವುದಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ. ಗಾಡಿ ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನ ಸದ್ದು ಬೇರೆಯಾಗಿ ಕೇಳುತ್ತದೆ. ಕ್ಲಚ್ ಹಿಡಿದರೆ ಸದ್ದು ನಿಂತಿತು, ಬಿಟ್ಟರೆ ಬಂತು. ಒಳಗಿನ ಬೇರಿಂಗ್ ಸವೆದಿದೆ ಎಂದು ಹೇಳಿದೆ.

ಅಷ್ಟು ಹೇಳಿ ಸುಮ್ಮನಿರಬೇಕಿತ್ತು. ಪಕ್ಕದ ಟೀ ಅಂಗಡಿಯ ಜನವೆಲ್ಲ “ನಮಗೂ ಒಸಿ ಕೇಳ್ಸಿ” ಎಂದು ಸಾಲಾಗಿ ನಿಂತರು. ಟೀ ಅಂಗಡಿಯವನು ಕೇಳಿ, ಇದು ಚೈನಿನ ಸದ್ದು ಎಂದ. ದನದ ದಲ್ಲಾಳಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿ, “ಹೊಟ್ಟೆ ಉಬ್ಬರ ಕಣ್ರೀ, ಎಳ್ಳೆಣ್ಣೆ ಕುಡ್ಸಿ” ಎಂದ. ನನ್ನ ತಾಳ್ಮೆ ಮುಗಿಯುತ್ತಾ ಬಂದಿತ್ತು.

ಕೊನೆಯಲ್ಲಿ ಒಬ್ಬ ಅಜ್ಜ ಸ್ಕ್ರೂಡ್ರೈವರ್ ಇಸಿದುಕೊಂಡರು. ಗಾಡಿಯ ಕಡೆ ನೋಡಲೂ ಇಲ್ಲ. ತುದಿಯನ್ನು ತಮ್ಮ ಮಂಡಿಗೆ ಇಟ್ಟುಕೊಂಡು, ಕಾಲು ಮಡಿಸಿ, ಚಾಚಿ, ಬಗ್ಗಿ ಕೇಳಿದರು.

“ಇದೂ ಕಟಕಟ ಅಂತದೆ ಮೇಸ್ತ್ರಿ. ಆ ಬೇರಿಂಗ್ ತರುಸ್ವಾಗ ಎರಡು ತರ್ಸಿ.”

೩. ಭಾವಮೈದನ ಔಷಧಿ

ಹಳೇ ಗಾಡಿಗೆ ಸಾಮಾನು ಹುಡುಕುವುದೆಂದರೆ ಗಂಡು ಹುಡುಕಿದ ಹಾಗೆ. ಸಿಕ್ಕಿದ್ದು ಒಪ್ಪಿಗೆಯಾಗುವುದಿಲ್ಲ, ಒಪ್ಪಿಗೆಯಾದದ್ದು ಸಿಗುವುದಿಲ್ಲ. ಬೇರಿಂಗ್ ಕೈಗೆ ಬರುವಷ್ಟರಲ್ಲಿ ಸಂಕ್ರಾಂತಿ ಕಳೆದು ಶಿವರಾತ್ರಿಯೂ ಮುಗಿದಿತ್ತು. ಅಲ್ಲಿಯವರೆಗೆ ಯಜಮಾನರು ಅದೇ ಗಾಡಿಯಲ್ಲಿ ಓಡಾಡುತ್ತಿದ್ದರು.

ಗೇರ್‌ಬಾಕ್ಸ್ ಬಿಚ್ಚಿದೆ. ಆಯಿಲ್ ಜೊತೆಗೆ ಲೋಳೆಲೋಳೆಯಾಗಿ, ಕಪ್ಪಗೆ ಏನೋ ಇಳಿಯಿತು. ಮೂಸಿ ನೋಡಿದರೆ ಹುಳಿ ವಾಸನೆ. ಇಷ್ಟು ವರ್ಷದಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ.

“ಯಜಮಾನ್ರೇ, ಇದೇನಿದು?”

“ಬಾಳೆಹಣ್ಣು” ಎಂದರು, ನೆಲ ನೋಡುತ್ತಾ. “ಕೆ.ಆರ್. ನಗರದಲ್ಲಿ ನಮ್ಮ ಭಾವಮೈದ ಅವ್ನೆ. ಗೇರ್‌ಬಾಕ್ಸಿಗೆ ಬಾಳೆಹಣ್ಣು ಕಿವುಚಿ ಹಾಕುದ್ರೆ ಸದ್ದು ಅಡಗ್ತದೆ, ಹಳೇ ಗಾಡಿ ಮಾರೋರೆಲ್ಲ ಅಂಗೇ ಮಾಡೋದು ಅಂದ.”

ನನಗೆ ಮೈಯೆಲ್ಲ ಉರಿದುಹೋಯಿತು. ಗೇರಿನ ಒಂದೊಂದೇ ಹಲ್ಲಿನ ಸಂದಿಯಿಂದ ನಾರು ಕಿತ್ತು, ಇಡೀ ದಿನ ಪೆಟ್ರೋಲಿನಲ್ಲಿ ತೊಳೆದೆ. ಅಂಗಡಿಯ ತುಂಬ ನೊಣ.

“ಹೋಗಲಿ, ಸದ್ದಾದರೂ ಅಡಗಿತ್ತಾ?” ಎಂದು ರೇಗಿದೆ.

“ಎಲ್ಲಿ ಅಡಗ್ತು? ತಪ್ಪು ನಂದೇ ಬುಡಿ. ಅವನು ಪುಟ್ಟಬಾಳೆ ಅಂದಿದ್ದ, ನಾನು ಪಚ್ಚಬಾಳೆ ಹಾಕ್ಬುಟ್ಟೆ.”

೪. ಬೀಗ ಹಾಕಿದ ಪೆಟ್ಟಿಗೆ

ಹೊಸ ಬೇರಿಂಗ್ ಕೂತಿತು, ‘ಗುಂಯ್’ ನಿಂತಿತು. ಯಜಮಾನರು ಹೊಸ ಮದುವಣಿಗನ ಹಾಗೆ ಗಾಡಿ ಹತ್ತಿ ಹೋದರು. ಸಂಜೆಗೆ ಮುಖ ಇಳಿಸಿಕೊಂಡು ವಾಪಸ್ ಬಂದರು.

“ಗುಂಯ್ ಅನ್ನೋದು ಹೋಯ್ತು. ಅದರ ಕೆಳಗೆ ಇನ್ನೊಂದಿತ್ತು ಮೇಸ್ತ್ರಿ. ಗಡಗಡ ಅಂತದೆ.”

ನಿಂತ ಗಾಡಿಯಲ್ಲಿ ಏನೂ ಕೇಳುತ್ತಿರಲಿಲ್ಲ. ರಸ್ತೆಗೆ ಇಳಿದರೆ ಸದ್ದು. ಮತ್ತೆ ಗೇರ್‌ಬಾಕ್ಸ್ ಬಿಚ್ಚಿದೆ, ಚೈನು ನೋಡಿದೆ, ಮಡ್‌ಗಾರ್ಡು ಬಿಗಿ ಮಾಡಿದೆ. ಹೀಗೇ ಯುಗಾದಿ ಕಳೆಯಿತು. ಮದುವೆಗೆ ಇನ್ನೊಂದೇ ದಿನ ಉಳಿಯಿತು.

“ಬುಡಿ ಮೇಸ್ತ್ರಿ. ಬಸ್ಸಲ್ಲೇ ಹೋಗ್ಲಿ ಅವಳು” ಎಂದರು ಯಜಮಾನರು. ಆ ಮುಖ ನೋಡಿ ಸುತ್ತಿಗೆ, ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡೆ. “ನಡೀರಿ, ನಾನೇ ಹಿಂದೆ ಕೂತು ಕೇಳ್ತೀನಿ” ಎಂದೆ.

ಅವರ ಊರಿನವರೆಗೂ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಬಗ್ಗಿಕೊಂಡೇ ಹೋದೆ. ದಾರಿಯಲ್ಲಿ ಒಬ್ಬರು, ಆಸ್ಪತ್ರೆಗೆ ದಾರಿ ಆ ಕಡೆಗೆ ಎಂದು ಕೈ ತೋರಿಸಿದರು. ಆದರೆ ಸದ್ದು ಸಿಕ್ಕಿತು. ಅದು ಬರುತ್ತಿದ್ದದ್ದು ಹಿಂಬದಿಗೆ ತಗುಲಿಸಿದ್ದ ತಗಡಿನ ಪೆಟ್ಟಿಗೆಯಿಂದ. ಅದಕ್ಕೆ ಬೀಗ. “ಅದ್ರಲ್ಲಿ ಏನೂ ಇಲ್ಲ, ಬೀಗದ ಕೈ ಕಳೆದೋಗದೆ” ಎಂದು ಯಜಮಾನರು ಮೊದಲ ದಿನವೇ ಹೇಳಿದ್ದರು.

ಮನೆ ಮುಂದೆ ಗಾಡಿ ನಿಲ್ಲಿಸಿ ಸುತ್ತಿಗೆ ಎತ್ತಿದೆ. ಯಜಮಾನಿ ಒಳಗಿನಿಂದ ಓಡಿಬಂದು, “ಒಡೀಬ್ಯಾಡಿ” ಎನ್ನುತ್ತಾ ಸೊಂಟದ ಗೊಂಚಲಿನಿಂದ ಬೀಗದ ಕೈ ತೆಗೆದರು. ಪೆಟ್ಟಿಗೆಯಲ್ಲಿ ಅರಿಶಿನದ ಬಟ್ಟೆ ಸುತ್ತಿದ ಒಂದು ತೆಂಗಿನಕಾಯಿ. ಅಲ್ಲಾಡಿಸಿದೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು, ಗಡಗಡ ಉರುಳಾಡುತ್ತಿತ್ತು.

“ಹರಕೆ ಕಾಯಿ ಕಣಪ್ಪ” ಎಂದರು ಯಜಮಾನಿ. “ಗಾಡಿ ಸದ್ದು ನಿಂತ್ರೆ ಮನೆದೇವ್ರಿಗೆ ಒಡುಸ್ತೀನಿ ಅಂತ ದಸರಾದಲ್ಲೇ ಕಟ್ಟಿ ಮಡಗಿದ್ದೆ.”

ಯಜಮಾನರು ಹೆಂಡತಿಯನ್ನೇ ನೋಡಿದರು. “ನಿಂಗೂ ಹತ್ತಬೇಕು ಅಂತ ಇತ್ತಾ?”

“ಇಲ್ದಿದ್ರೆ ಕಾಯಿ ಯಾಕ್ ಕಟ್ತಿದ್ದೆ?”

ಅಬ್ಬಾ, ಬಗೆಹರಿಯಿತು ಎಂದುಕೊಂಡು, “ಅವ್ವಾ, ಈಗ ಸದ್ದು ಮಾಡ್ತಿರೋದೇ ಈ ಕಾಯಿ. ತೆಗೆದು ಒಳಗಿಡಿ, ನಿಲ್ತದೆ” ಎಂದೆ.

“ಅದೆಂಗಾದದು? ಸದ್ದು ನಿಲ್ಲೋಗಂಟ ಕಾಯಿನ ಗಾಡಿಯಿಂದ ಇಳಿಸೋಂಗಿಲ್ಲ.”

“ಕಾಯಿ ಇಳಿಸೋವರೆಗೂ ಸದ್ದು ನಿಲ್ಲಾಕಿಲ್ಲ.”

“ನಿಲ್ಲೋಗಂಟ ಇಳಿಸೋಂಗಿಲ್ಲ.”

ಗೇರ್‌ಬಾಕ್ಸಾದರೆ ಬಿಚ್ಚಬಹುದು, ಹರಕೆ ಬಿಚ್ಚುವ ಸ್ಪ್ಯಾನರು ನನ್ನ ಹತ್ತಿರ ಇಲ್ಲ. ಜಗಲಿಯ ಮೇಲೆ ಕೂತು ಯೋಚಿಸಿ ಹೇಳಿದೆ: “ಕಾಯಿ ಗಾಡಿ ಮೇಲೇ ಇರ್ಲಿ. ನೀವೂ ಹತ್ತಿ, ಅದನ್ನ ಮಡಿಲಲ್ಲಿ ಕಟ್ಕೊಂಡು ಕೂತ್ಕಳಿ.”

ಹತ್ತುವುದಿಲ್ಲ ಎಂದು ಅವರು ಹೇಳಿದ್ದು ಗಂಡನಿಗೆ, ದೇವರಿಗಲ್ಲ. ಗಂಡನಿಗೆ ಹೇಳಿದ ಮಾತನ್ನು ಅಲ್ಲೇ ಮುರಿದು ಹತ್ತಿದರು. ಕಾಯಿಯನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿ ಅಪ್ಪಿಕೊಂಡರು. ಗಾಡಿ ಊರಾಚೆಯ ಗುಡಿಯವರೆಗೆ ಒಂದು ಗಡಗಡವೂ ಇಲ್ಲದೆ ಹೋಯಿತು. ಕಾಯಿ ಒಡೆಸಿಕೊಂಡು ಇಬ್ಬರೂ ವಾಪಸ್ ಬಂದಾಗ ಯಜಮಾನರ ಮುಖದಲ್ಲಿ ಇಪ್ಪತ್ತರ ಹುಡುಗನ ನಗು. ನನ್ನ ಕಣ್ಣೂ ಒದ್ದೆಯಾಯಿತು.

ಯಜಮಾನಿ ಅರ್ಧ ಕೊಬ್ಬರಿ ನನ್ನ ಕೈಗಿಟ್ಟು, ಸಮಾಧಾನ ಹೇಳುವವರ ಹಾಗೆ ಹೇಳಿದರು:

“ಬೇಜಾರ್ ಮಾಡ್ಕಬ್ಯಾಡಿ ಮೇಸ್ತ್ರಿ. ನೀವೂ ಶಿವರಾತ್ರಿಯಿಂದ ಬಿಚ್ಚಿ ಬಿಚ್ಚಿ ನೋಡುದ್ರಿ. ಆದ್ರೆ ಕೊನೇಗೆ ನಿಲ್ಲುಸ್ದೋನು ಅವ್ನೇ. ಇನ್ನು ಮ್ಯಾಲೆ ಯಾವ ಗಾಡಿ ಬಂದ್ರೂ, ಬಿಚ್ಚಾಕ್ ಮುಂಚೆ ಒಂದು ಕಾಯಿ ಕಟ್ಬುಡಿ.”