ಪೇಟೆ ಬೀದಿಯ ಗೆರೆ

ಹೊಳಲ್ಕೆರೆಯ ಪೇಟೆ ಬೀದಿಯಲ್ಲಿ ಪಂಚಾಕ್ಷರಪ್ಪನವರ ಜಗಲಿಯಷ್ಟು ಅಗಲವಾದ ಜಗಲಿ ಇನ್ನೊಂದಿರಲಿಲ್ಲ. ಸಂಜೆಯಾದರೆ ಅದು ಅವರ ಸಿಂಹಾಸನ. ಪಕ್ಕದಲ್ಲಿ ಎಲೆಯಡಿಕೆ ತಟ್ಟೆ, ಎದುರಿಗೆ ಕೇಳುಗರ ಮಂಡಲಿ, ಒಳಗಿನಿಂದ ಒಗ್ಗರಣೆ ಮಂಡಕ್ಕಿ. (ಒಗ್ಗರಣೆ ಹಾಕುವವರಿಗೆ ಮಾತ್ರ ಅಲ್ಲಿ ಆಸನವಿರಲಿಲ್ಲ.)

ಪ್ಲೇಗಿನ ಕಾಟ ಕಳೆದ ಮೇಲೆ ಅಮಲ್ದಾರರ ಅಪ್ಪಣೆಯಾಯಿತು: ಬೀದಿ ಅಗಲವಾಗಬೇಕು, ಗಾಳಿ ಬೆಳಕು ಆಡಬೇಕು, ಎಲ್ಲಿಯವರೆಗೆ ಒಡೆಯಬೇಕೆಂಬ ಗೆರೆಯನ್ನು ಬೀದಿಯವರೇ ಕೂಡಿ ಎಳೆದುಕೊಳ್ಳಲಿ. ಬೀದಿಯ ಗಂಡಸರು ಕೂಡಿದರು. ಎಲ್ಲಿ? ಅದೇ ಜಗಲಿಯ ಮೇಲೆ! ಮಂಡಕ್ಕಿ ಮುಗಿಯುವಷ್ಟರಲ್ಲಿ ಪಂಚಾಕ್ಷರಪ್ಪನವರೇ ಲೋಕಹಿತಾರ್ಥವಾಗಿ ಸುಣ್ಣದ ಪುಡಿ ಹಿಡಿದು ಇಳಿದರು. ಗೆರೆ ಎಲ್ಲರ ಜಗಲಿಗಳನ್ನೂ ಕತ್ತರಿಸುತ್ತ ನೆಟ್ಟಗೆ ಬಂದು, ಅವರ ಜಗಲಿಗೆ ಮಾತ್ರ ಭಕ್ತಿಯಿಂದ ಅರ್ಧ ಪ್ರದಕ್ಷಿಣೆ ಹಾಕಿ ಮುಂದೆ ಹೋಯಿತು.

“ಇದೇನ್ರಿ, ನಮ್ಮನಿ ಮುಂದೆ ಮಾತ್ರ ಸೊಟ್ಟಗೈತೆ?” ಎಂದರು ಹೆಂಡತಿ ದಾಕ್ಷಾಯಣಮ್ಮ.

“ಸಾರ್ವಜನಿಕ ಕಾರ್ಯ ನಿನಗೇನು ತಿಳಿತೈತೆ? ಒಳಗ್ಹೋಗು.”

“ಹೆಂಗಸರನ್ನ ಒಂದ್ ಮಾತು ಕೇಳಿದ್ರಾ? ಗಾಡಿ ಬಂದ್ರೆ ಕೊಡ ಹೊತ್ತೋರು ಈ ಜಗಲಿಗೇ ಒತ್ತಿಕೊಂಡು ನಿಲ್ಲಬೇಕು. ಎದುರುಮನಿ ಗಂಗಕ್ಕನ ಕೊಡ ಮೊನ್ನೆ ಇಲ್ಲೇ ಒಡೀತು.”

“ಕೊಡ ಒಡೆದ್ರೆ ಇನ್ನೊಂದು ಬರ್ತೈತೆ. ಜಗಲಿ ಬರ್ತೈತಾ?”

ದಾಕ್ಷಾಯಣಮ್ಮ ಸುಮ್ಮನಾದರು. (ಹೆಂಡತಿ ಸುಮ್ಮನಾದಾಗ ಹೆದರಬೇಕೆಂಬ ಜಾಣತನ ಪಂಚಾಕ್ಷರಪ್ಪನವರಿಗೆ ಇನ್ನೂ ಬಂದಿರಲಿಲ್ಲ.)

ಗೆರೆ ಎಳೆದ ಮಹನೀಯರು ಒಂದನ್ನು ಮರೆತಿದ್ದರು. ಬೆಳಗಾದರೆ ಬೀದಿಯ ಹೆಂಗಸರು ಜಗಲಿ, ಅಂಗಳ ಎಲ್ಲ ಗುಡಿಸಿ ಸಗಣಿಯಿಂದ ಸಾರಿಸುತ್ತಾರೆ. ಪಂಚಾಕ್ಷರಪ್ಪನವರು ಪೂಜೆಗೆ ಕೂತಿದ್ದಾಗ ಸುಣ್ಣದ ಗೆರೆ ಸಗಣಿಯಲ್ಲಿ ಐಕ್ಯವಾಯಿತು. ಬಾವಿಯ ಹಗ್ಗದ ಒಂದು ತುದಿ ಗಂಗಕ್ಕ ಹಿಡಿದಳು, ಇನ್ನೊಂದು ತುದಿ ದಾಕ್ಷಾಯಣಮ್ಮ. ಮನೆಯಿಂದ ಮನೆಗೆ ಹಗ್ಗ ಬಿಗಿದಂತೆಲ್ಲ ಉಳಿದವರು ಅದರಗುಂಟ ರಂಗೋಲಿ ಬಿಟ್ಟರು. ಯಾರ ಜಗಲಿಗೂ ದಾಕ್ಷಿಣ್ಯವಿಲ್ಲದ ಗೆರೆ!

“ಅಮಲ್ದಾರ್ರು ಬಂದ್ರು, ಬರ್ರಿ!” ಎಂಬ ಕೂಗಿಗೆ ಪಂಚಾಕ್ಷರಪ್ಪನವರು ರುಮಾಲು ಸುತ್ತಿಕೊಳ್ಳುತ್ತ ಜಗಲಿಗೆ ಓಡಿಬಂದರು.

“ಭೇಷ್! ಇಷ್ಟು ನೆಟ್ಟಗೆ ಗೆರೆ ಎಳೆದವರು ಯಾರು?” ಎಂದರು ಅಮಲ್ದಾರರು.

“ನಾನೇ ಸ್ವಾಮಿ!” ಎಂದು ಬಗ್ಗಿ ಕೈಮುಗಿದರು. ಬಗ್ಗಿದಾಗ ಕಂಡಿತು ಗೆರೆ, ಅವರ ಹಿಮ್ಮಡಿಯ ಹಿಂದೆ. ಸಿಂಹಾಸನವೂ ತಾವೂ ಎಲೆಯಡಿಕೆ ತಟ್ಟೆಯೂ ಒಟ್ಟಾಗಿ ಬೀದಿಯಲ್ಲಿದ್ದರು.

“ಹಾಗಾದರೆ ನಿಮ್ಮ ಜಗಲಿಯಿಂದಲೇ ಆರಂಭವಾಗಲಿ. ಊರಿಗೆ ಮಾದರಿಯಾಗುತ್ತದೆ.”

ಬಾಗಿಲ ಮರೆಯಲ್ಲಿ ಬಳೆಗಳು ಸದ್ದು ಮಾಡಿದವು.

ಜಗಲಿಯ ಚಪ್ಪಡಿಗಳು ಬಾವಿಯ ಬಳಿ ಕೊಡ ಇಳಿಸುವ ಕಟ್ಟೆಯಾದವು. ಒಂದು ಸಂಜೆ ಹಳೆಯ ನಂಟು ಎಳೆದು ಪಂಚಾಕ್ಷರಪ್ಪನವರು ಅಲ್ಲಿ ಹೋಗಿ ಕೂತರು.

“ಏಳ್ರಿ ಯಜಮಾನ್ರೇ, ಕೊಡ ಇಡಬೇಕು,” ಎಂದಳು ಗಂಗಕ್ಕ. “ಇದು ಹೆಣ್ಮಕ್ಕಳ ಪಂಚಾಯ್ತಿ ಕಟ್ಟೆ.”

ಮನೆಗೆ ಬಂದರೆ ದಾಕ್ಷಾಯಣಮ್ಮ ಅಡಿಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿ, ಬಿಸಿ ಮಂಡಕ್ಕಿ ಇಟ್ಟಿದ್ದರು. “ಇಲ್ಲಿ ಕುಂತ್ಕಳ್ರಿ. ಕೇಳೋಕೆ ನಾನಿಲ್ವಾ?”

ಪಂಚಾಕ್ಷರಪ್ಪನವರು ಮಣೆಯ ಮೇಲೆ ಕೂತರು. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಪಟ್ಟಣ ಸುಧಾರಣೆಯ ಮೇಲೆ ಉಪನ್ಯಾಸ ಆರಂಭಿಸಿದರು.

ದಾಕ್ಷಾಯಣಮ್ಮ ಅವರೆಕಾಯಿ ತುಂಬಿದ ಮೊರವನ್ನು ಅವರ ಮುಂದಕ್ಕೆ ಸರಿಸಿದರು.

“ಮಾತಾಡ್ರಿ, ಮಾತಾಡ್ರಿ. ಕೈ ಯಾಕೆ ಸುಮ್ನೆ ಕುಂತಿರಬೇಕು?”