ಹೊನ್ನಪ್ಪನ ಸ್ಟೀರಿಯೊ ಪ್ರಚಾರ

ಕೆ.ಆರ್. ಪೇಟೆ ಬಸ್ ನಿಲ್ದಾಣದ ಪಕ್ಕ, ಆಟೋ ಪ್ರಚಾರಕ್ಕೆ ದನಿ ಮುದ್ರಿಸಿ ಕೊಡುವ ಹಫೀಜನ ಬಳಿ ಒಂದು ದೊಡ್ಡ ಹೆಡ್‌ಫೋನ್ ಇತ್ತು, ಅದಕ್ಕಿಂತ ದೊಡ್ಡ ಜಂಬವಿತ್ತು. ಹಾಗಾಗಿ ಅವನ ಬಾಡಿಗೆ ಮಳಿಗೆಯ ಮಾಲೀಕ ಹೊನ್ನಪ್ಪ ಕಿಕ್ಕೇರಿ ಕಡೆಯ ಹಾಲಿನ ಸಂಘದ ಚುನಾವಣೆಗೆ ನಿಂತಾಗ ಪ್ರಚಾರ ಸ್ಟೀರಿಯೊದಲ್ಲೇ ತಯಾರಾಯಿತು. ಎಡಗಿವಿಗೆ ಹೆಂಗಸಿನ ಪ್ರಶ್ನೆ, ಬಲಗಿವಿಗೆ ಹೊನ್ನಪ್ಪನ ಉತ್ತರ. ಮುನ್ನೂರಿಪ್ಪತ್ತು ಕೆಬಿಪಿಎಸ್! ಸಿನಿಮಾದವರು ಬಂದು ಕಲಿತುಕೊಂಡು ಹೋಗಬೇಕು, ಅಂಥ ಗುಣಮಟ್ಟ.

"ಕೆಡಿಸ್ಬುಟ್ರೆ ಮಳಿಗೆ ಖಾಲಿ ಮಾಡ್ಬೇಕು ಕಣ್ಲಾ" ಎಂದು ಹೊನ್ನಪ್ಪ ಹರಸಿ ಹೋಗಿದ್ದ.

ಹತ್ತು ಗಂಟೆಗೆ ಆಟೋ ಓಡಿಸುವ ಚಿಕ್ಕಸ್ವಾಮಿಯ ಫೋನ್ ಬಂತು. "ಹಫೀಜಣ್ಣ, ಹೊನ್ನಪ್ಪಗೌಡ್ರು ಮಾತೇ ಆಡ್ತಿಲ್ಲ. ಬರೀ ಹೆಂಗ್ಸು ಕೇಳ್ತಾವ್ಳೆ!"

ಹಫೀಜನಿಗೆ ತಪ್ಪು ಹೊಳೆಯಿತು. ಆಟೋಗಿದ್ದದ್ದು ಒಂದೇ ಮೈಕಿನ ಹಾರ್ನು, ಅದಕ್ಕೆ ಸಿಕ್ಕಿಸಿದ್ದು ಎಡಗಡೆಯ ತಂತಿ ಮಾತ್ರ. ಬಲಗಿವಿಯ ಹೊನ್ನಪ್ಪ ಚಿಕ್ಕಸ್ವಾಮಿಯ ಫೋನಿನೊಳಗೇ ಉಳಿದಿದ್ದ. ಊರೂರಿನಲ್ಲಿ ಮೈಕು "ಹಾಲಿಗೆ ನೀರು ಬೆರೆಸೋರು ಯಾರು?" ಎಂದು ಗುಡುಗಿ, ಉತ್ತರಕ್ಕೆ ಕಾದಂತೆ ಸುಮ್ಮನಾಗುತ್ತಿತ್ತು. ಜನ ಆಟೋದ ಮೇಲಿದ್ದ ಹೊನ್ನಪ್ಪನ ಫೋಟೋ ತೋರಿಸಿ "ಇವ್ರೇ!" ಎನ್ನುತ್ತಿದ್ದರು.

ಪಕ್ಕದ ಟೀ ಅಂಗಡಿಯ ತಮ್ಮಯ್ಯ ಕರೆಯದಿದ್ದರೂ ಬಂದ. "ಎರಡೂ ಕಿವಿ ದನಿ ಸೇರ್ಸಿ ಒಂದೇ ಮಾಡು ಕಣ್ಲಾ. ಸೈಜೂ ಇಳ್ಸು, ಅಲ್ಲಿ ನೆಟ್‌ವರ್ಕ್ ಇಲ್ಲ, ಫೈಲು ಬೇಗ ಹೋಗ್ಬೇಕು."

ಗಾಬರಿಯಲ್ಲಿ ಹಫೀಜ್ ಎರಡನ್ನೂ ಸೇರಿಸಿ, ಮುನ್ನೂರಿಪ್ಪತ್ತು ಕೆಬಿಪಿಎಸ್ಸನ್ನು ಎಂಟಕ್ಕೆ ಇಳಿಸಿದ. ಫೈಲು ಚಿಟಿಕೆ ಹೊಡೆಯುವಷ್ಟರಲ್ಲಿ ಚಿಕ್ಕಸ್ವಾಮಿಗೆ ಹೋಯಿತು, ಅದರ ಜೊತೆಗೆ ಹೊನ್ನಪ್ಪನ ಮಾನವೂ ಹೋಯಿತು. ಈಗ ಉತ್ತರ ಕೇಳುತ್ತಿದ್ದದ್ದು ನಿಜ, ಆದರೆ ಶೀತವಾದ ಎಮ್ಮೆ ಡ್ರಮ್ಮಿನೊಳಗೆ ತಲೆಯಿಟ್ಟು ಕೂಗಿದ ಹಾಗೆ.

ಮಧ್ಯಾಹ್ನ ಹೊನ್ನಪ್ಪನ ಫೋನ್ ಬಂತು. "ಬಂದೆ, ಅಲ್ಲೇ ಇರ್ಲಾ!" ಎಂದಷ್ಟೇ ಹೇಳಿ ಇಟ್ಟ. ಹನ್ನೆರಡು ವರ್ಷದ ಮಳಿಗೆ ಹೋಯಿತೆಂದು ಹಫೀಜನಿಗೆ ಅಳು ಬಂತು. ಅಲ್ಲಾನನ್ನು ನೆನೆಯುತ್ತ ವೈರು ಸುತ್ತತೊಡಗಿದ.

ನಾಲ್ಕು ಗಂಟೆಗೆ ಹೊನ್ನಪ್ಪ ಬಂದ, ಕೊರಳ ತುಂಬ ಹಾರ!

"ಬಾರ್ಲಾ ಇಲ್ಲಿ, ಅಪ್ಕೊಳ್ತೀನಿ! ನನ್ನ ಎದುರು ಒಬ್ನೇ ನಿಂತಿದ್ದ ಕರಿಯಯ್ಯ ಇಲ್ವಾ? ಬೆಳಗ್ಗೆ ಆಟೋದ ಹೆಂಗ್ಸು ಅವನ ಮನೆ ಮುಂದೇನೇ ನಿಂತು ಕೇಳಿದ್ಲಂತೆ. ತಾನು ನೀರು ಬೆರ್ಸೋ ಗುಟ್ಟು ಗೊತ್ತಾಯ್ತು ಅಂತ ಹೆದ್ರುಕೊಂಡು ನಾಮಪತ್ರ ವಾಪಸ್ ತಗೊಂಡ್ಬುಟ್ಟ. ವಾಪಸ್ ತಗೊಳ್ಳೋಕೆ ಇವತ್ತೇ ಕಡೇ ದಿನ. ನಾನು ಅವಿರೋಧ ಆಯ್ಕೆ!"

ಹಫೀಜನಿಗೆ ಹೋದ ಜೀವ ಬಂದಂತಾಯಿತು. "ಅಂಗಾರೆ ಮಳಿಗೆ ಖಾಲಿ ಮಾಡೋದು ಬ್ಯಾಡ್ವಾ, ಗೌಡ್ರೆ?"

ಹೊನ್ನಪ್ಪ ಗೋಡೆಗಳನ್ನು ಪ್ರೀತಿಯಿಂದ ಸವರಿದ. "ಸಂಘದ ಡೈರೆಕ್ಟರು ಅಂದ್ಮೇಲೆ ಪೇಟೇಲಿ ಒಂದು ಆಫೀಸು ಬೇಕಲ್ಲಪ್ಪಾ. ವೈರೆಲ್ಲ ನೀನೇ ಸುತ್ತಿ ಮಡ್ಗಿದ್ದೀಯ, ಒಳ್ಳೇದಾಯ್ತು. ನಾಳೆ ಬೆಳಗ್ಗೆ ನನ್ನ ಬೋರ್ಡು ಬತ್ತದೆ."